ಭಂಕೂರದ ಕಲ್ಲುಹಾದಿ

ಕಲಬುರಗಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿಗೆ ಶಹಾಬಾದದ ಸೀಮೆ ಬಂದಿತೆಂಬುದನ್ನು ಯಾರೂ ಹೇಳಬೇಕಾಗಿಲ್ಲ; ನೆಲವೇ ಹೇಳುತ್ತದೆ. ತೊಗರಿ ಜೋಳಗಳ ಕರಿಯ ಹೊಲಗಳ ನಡುವೆ ಅಲ್ಲಲ್ಲಿ ಭೂಮಿಯು ಬಾಯ್ದೆರೆದುಕೊಂಡಿದ್ದು, ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಪದರ ಪದರವಾದ ಸುಣ್ಣದ ಕಲ್ಲು ಕಣ್ಣಿಗೆ ಬೀಳುತ್ತದೆ. ಹಿಂದೆ ಚಿತ್ತಾಪುರ ತಾಲೂಕಿಗೆ ಸೇರಿದ್ದು, ಈಗ ಶಹಾಬಾದ ತಾಲೂಕಿನಲ್ಲಿರುವ ಭಂಕೂರವು ಈ ಕಲ್ಲಿನ ಸೀಮೆಯ ಒಂದು ಗ್ರಾಮ. ನಮ್ಮ ವಾಚಕರಲ್ಲಿ ಅನೇಕರ ನಡುಮನೆಗೂ ಅಡುಗೆಮನೆಗೂ ಹಾಸಿರುವ ‘ಶಹಾಬಾದಿ’ ಫರಸಿಯ ತವರು ಇದೇ.

ಈ ಸೀಮೆಯು ಹಳೆಯದು. ನೃಪತುಂಗನ ಮಾನ್ಯಖೇಟವಾದ ಮಳಖೇಡವು ಕಾಗಿಣಾ ನದಿಯ ದಡದಲ್ಲಿ ಇಲ್ಲಿಗೆ ಸಮೀಪದಲ್ಲಿಯೇ ಇದೆ. 1871ರಲ್ಲಿ ಮುಂಬಯಿಗೂ ಮದರಾಸಿಗೂ ರೈಲುಹಾದಿಯು ಈ ಮಾರ್ಗವಾಗಿ ಕೂಡಿಕೊಂಡಿತು; 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ಕವಲೊಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಶಹಾಬಾದ, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದವು. ರೈಲಿಗೆ ಏರದ ಸರಕನ್ನೆಲ್ಲ ಈಗ ಲಾರಿಗಳೇ ಹೊರುತ್ತವೆ. ಕಲ್ಲನ್ನು ಕೊಳ್ಳುವವರು ಅದರ ಬಣ್ಣವನ್ನೂ ನಯವನ್ನೂ ಪರೀಕ್ಷಿಸುತ್ತಾರೆ. ಅದನ್ನು ತಂದವನ ಕಣ್ಣು ಎಷ್ಟು ಕೆಂಪಾಗಿದೆಯೆಂಬುದನ್ನು ಪರೀಕ್ಷಿಸುವವರು ವಿರಳ.

ಸಂಜೆಯ ವೇಳೆಗೆ ಈ ಹಾದಿಯಲ್ಲಿ ನಡೆದು ನೋಡಿದರೆ ಲಾರಿಗಳ ದಿನಚರಿಯು ತಿಳಿದುಬರುತ್ತದೆ. ಚಾಲಕನು ಬೆಳಗ್ಗೆ ಬಂದು ಸರದಿಯಲ್ಲಿ ನಿಲ್ಲುತ್ತಾನೆ. ಬಿಸಿಲು 40 ಡಿಗ್ರಿಯನ್ನು ದಾಟುವ ವೈಶಾಖದಲ್ಲಿ ಕಬ್ಬಿಣದ ಕೋಣೆಯೊಳಗೆ ಮಲಗಿದರೂ ನಿದ್ದೆ ಬಾರದು. ಸರಕು ತುಂಬುವುದು ಮುಗಿಯುವಾಗ ಕತ್ತಲಾಗಿರುತ್ತದೆ. ಆಮೇಲೆ ಆರಂಭವಾಗುವುದು ಅವನ ನಿಜವಾದ ಕೆಲಸ. ಕಾದ ಹೊತ್ತು ಕೆಲಸದ ಹೊತ್ತೆಂದು ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆಯು ಖೇಪಿಗೆ ಇಷ್ಟೆಂದು ಗೊತ್ತಾಗಿರುವುದರಿಂದ ಕಾದುದರ ನಷ್ಟವನ್ನು ಅವನು ರಾತ್ರಿಯ ವೇಗದಲ್ಲಿ ತುಂಬಿಕೊಳ್ಳಬೇಕು. ಚಹದ ಅಂಗಡಿಯೊಂದರಲ್ಲಿ ಮಾತಿಗೆ ಸಿಕ್ಕಿದ ಚಾಲಕರೊಬ್ಬರು, “ಹಗಲೆಲ್ಲ ಕುಂತೇ ಇದ್ದಿ, ನಿನಗೇನು ದಣಿವು ಅಂತಾರ್ರೀ” ಎಂದು ನಮ್ಮೊಡನೆ ನಕ್ಕರು.

ಕುಳಿತವನಿಗೂ ದಣಿವುಂಟು, ವಿಜ್ಞಾನವು ಅದನ್ನು ಅಳೆದಿದೆ. ಸತತವಾಗಿ 17 ಗಂಟೆ ಎಚ್ಚರವಿದ್ದವನ ಕೈಚಳಕವು, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುವುದೆಂದು 1997ರಲ್ಲಿ ಪ್ರಕಟವಾದ ಪರಿಶೋಧನೆಯೊಂದು ತೋರಿಸಿತು. ನಮ್ಮ ದೇಶದ ಕಾನೂನಿನಲ್ಲಿ ಚಾಲಕನಿಗೆ 30 ಮಿಲಿಗ್ರಾಂ ಎಂಬುದೇ ಮೇರೆ. ಕುಡಿದವನನ್ನು ಊದಿಸಿ ಹಿಡಿಯಲು ಯಂತ್ರವುಂಟು. ನಿದ್ದೆಗೆಟ್ಟವನನ್ನು ಹಾಗೆ ಹಿಡಿಯುವ ಯಂತ್ರವಿಲ್ಲ. ರಾತ್ರಿ ಎರಡರಿಂದ ಐದರವರೆಗಿನ ಜಾವದಲ್ಲಿ ದೇಹವು ತಾನಾಗಿಯೇ ನಿದ್ರೆಯನ್ನು ಬೇಡುತ್ತದೆ. ಚಹವೂ ತಂಬಾಕೂ ಅದನ್ನು ಕೊಂಚ ಮುಂದೂಡಬಲ್ಲವೇ ಹೊರತು ಸಾಲವನ್ನು ತೀರಿಸಲಾರವು.

ಇದಕ್ಕೆ ಶಾಸನವಿಲ್ಲವೆ? ಉಂಟು. 1961ರ ಮೋಟಾರು ಸಾರಿಗೆ ಕಾರ್ಮಿಕರ ಶಾಸನವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯೆಂದೂ, ಐದು ಗಂಟೆಯ ದುಡಿಮೆಯಾದ ಮೇಲೆ ಅರ್ಧ ಗಂಟೆಯಾದರೂ ವಿರಾಮವಿರಬೇಕೆಂದೂ ವಿಧಿಸಿತು. 1988ರ ಮೋಟಾರು ವಾಹನ ಶಾಸನದ 91ನೆಯ ಪ್ರಕರಣವು ಅದೇ ಮೇರೆಯನ್ನು ಸಾಗಣೆಯ ವಾಹನಗಳಿಗೆ ಅನ್ವಯಿಸಿತು. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾರ್ಮಿಕ ಸಂಹಿತೆಯೊಂದರಲ್ಲಿ 1961ರ ಶಾಸನವನ್ನು ಲೀನಗೊಳಿಸಲಾಯಿತು. ಆದರೆ ಆ ಹಳೆಯ ಶಾಸನವು ಐದು ಮಂದಿಗಿಂತ ಕಡಿಮೆ ಕೆಲಸಗಾರರಿದ್ದ ಉದ್ಯಮವನ್ನು ತಾನಾಗಿ ಮುಟ್ಟುತ್ತಿರಲಿಲ್ಲ. ಒಂದೆರಡು ಲಾರಿಗಳ ಮಾಲಿಕರೇ ಹೆಚ್ಚಾಗಿರುವ ನಾಡಿನಲ್ಲಿ ಗಂಟೆಗಳನ್ನು ಎಣಿಸುವವರು ಯಾರು? ಯೂರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದವನು 45 ನಿಮಿಷ ನಿಲ್ಲಲೇಬೇಕು. ಟ್ಯಾಕೋಗ್ರಾಫ್ ಎಂಬ ಯಂತ್ರವು ಆ ಲೆಕ್ಕವನ್ನು ಗಾಡಿಯೊಳಗೇ ಬರೆದಿಡುತ್ತದೆ. ನಮ್ಮಲ್ಲಿ 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಚಾಲಕನ ಕೋಣೆಗೆ ತಂಪುಯಂತ್ರವಿರಬೇಕೆಂಬ ನಿಯಮವು ಬಂದಿದೆ. ಇದು ಒಳ್ಳೆಯ ಆರಂಭ. ಆದರೆ ತಂಪು ಗಾಳಿಯು ನಿದ್ರೆಗೆ ಬದಲಾಗದು.

2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರಕಾರದ ವರದಿಯು ಹೇಳುತ್ತದೆ. ಪ್ರತಿಯೊಂದು ಮರಣದ ಹಿಂದೆಯೂ ಒಂದು ಮನೆ, ಒಂದು ಒಲೆ. ಆದುದರಿಂದ ಅಪಘಾತದ ಅನಂತರ ಮನೆಯವರಿಗೆ ದೊರೆಯಬೇಕಾದುದೇನೆಂಬುದನ್ನು ಇಲ್ಲಿ ಕೊಂಚ ವಿವರಿಸುತ್ತೇವೆ.

ಬೇರೆ ವಾಹನದ ತಪ್ಪಿನಿಂದ ಗಾಯಗೊಂಡವರು, ಅಥವಾ ಸತ್ತವರ ವಾರಸುದಾರರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 166ನೆಯ ಪ್ರಕರಣದ ಮೇರೆಗೆ ಅರ್ಜಿ ಸಲ್ಲಿಸಬಹುದು. ಅಪಘಾತವು ನಡೆದ ಊರಿಗೇ ಹೋಗಬೇಕೆಂಬ ನಿರ್ಬಂಧವಿಲ್ಲ. ತಾವು ವಾಸಿಸುವ ಸ್ಥಳದ ಮಂಡಳಿಯೂ ಆದೀತು. ಭಂಕೂರದವನು ಸೋಲಾಪುರದ ಆಚೆ ಮಡಿದರೆ ಅವನ ಹೆಂಡತಿಯು ಪರನಾಡಿನ ಕಚೇರಿಗೆ ಅಲೆಯಬೇಕಾಗಿಲ್ಲ. 2022ರ ಎಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಆರು ತಿಂಗಳ ಗಡುವನ್ನು ಇಟ್ಟಿರುವುದರಿಂದ ವಿಳಂಬ ಸಲ್ಲದು. ನಿದ್ದೆ ಹತ್ತಿತೆಂಬುದು ಚಾಲಕನಿಗೆ ನೆಪವಾಗಲಾರದು. ತೂಕಡಿಕೆಯು ಮುನ್ಸೂಚನೆ ಕೊಟ್ಟೇ ಬರುವುದರಿಂದ, ಅದನ್ನು ಅಲಕ್ಷಿಸಿ ಓಡಿಸುವುದೇ ನಿರ್ಲಕ್ಷ್ಯವು. ಆ ನಿರ್ಲಕ್ಷ್ಯಕ್ಕೆ ಮಾಲಿಕನೂ, ಅವನ ಪರವಾಗಿ ವಿಮೆಯವರೂ ಹೊಣೆಯಾಗುತ್ತಾರೆ.

ಲೆಕ್ಕವನ್ನು ಹೇಗೆ ಹಾಕುವರೆಂಬುದನ್ನು ಉದಾಹರಣೆಯಿಂದ ತಿಳಿಯೋಣ. ಸ್ವಂತ ಚಿಕ್ಕ ಕಸುಬಿನಿಂದ ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದ 35 ವರ್ಷದವನೊಬ್ಬನು ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಬಿಟ್ಟು ಮಡಿದನೆನ್ನಿರಿ. ಸರ್ವೋಚ್ಚ ನ್ಯಾಯಾಲಯದ 2017ರ ತೀರ್ಪಿನಂತೆ ಭವಿಷ್ಯದ ಏಳಿಗೆಗಾಗಿ ನೂರಕ್ಕೆ 40ನ್ನು ಸೇರಿಸಿದರೆ 21,000 ಆಗುತ್ತದೆ. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗವನ್ನು ಕಳೆದರೆ 15,750, ವರ್ಷಕ್ಕೆ 1,89,000. 2009ರ ತೀರ್ಪಿನ ಪಟ್ಟಿಯಲ್ಲಿ ಅವನ ವಯಸ್ಸಿಗಿರುವ ಗುಣಕ 16. ಗುಣಿಸಲು 30,24,000 ರೂಪಾಯಿ. ಇದಲ್ಲದೆ ಅಂತ್ಯಕ್ರಿಯೆ, ದಾಂಪತ್ಯ ಸುಖದ ಹಾನಿ ಮುಂತಾದುವಕ್ಕೆ ಬೇರೆ ಮೊತ್ತವುಂಟು. ಸತ್ತವಳು ಗೃಹಿಣಿಯಾಗಿದ್ದರೂ ಆಕೆಯ ಮನೆಗೆಲಸಕ್ಕೆ ಬೆಲೆ ಕಟ್ಟಬೇಕೆಂದು ನ್ಯಾಯಾಲಯಗಳು 2001ರಿಂದ ಮತ್ತೆ ಮತ್ತೆ ಸಾರಿವೆ. ಹೀಗಿರಲು, ಸ್ಮಶಾನದಿಂದ ಬಂದ ದಿನವೇ ಹತ್ತಿಪ್ಪತ್ತು ಸಾವಿರವನ್ನು ಕೈಗಿಟ್ಟು ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಕೇಳುವವರನ್ನು ಏನೆನ್ನಬೇಕು?

ಆದರೆ ತೂಕಡಿಸಿ ಮರಕ್ಕೆ ಗುದ್ದಿದ ಚಾಲಕನೇ ಮಡಿದರೆ? ತಪ್ಪು ಅವನದೇ ಆದುದರಿಂದ 166ನೆಯ ಪ್ರಕರಣದ ಬಾಗಿಲು ಅವನ ಮನೆಯವರಿಗೆ ತೆರೆಯದು. ಅನೇಕ ಹೆಣ್ಣುಮಕ್ಕಳು ಇಲ್ಲಿಗೇ ಎಲ್ಲವೂ ಮುಗಿಯಿತೆಂದು ಕೈಚೆಲ್ಲುತ್ತಾರೆ. ಮುಗಿದಿಲ್ಲ. ದುಡಿಮೆಯ ನಡುವೆ ಸತ್ತ ಕೆಲಸಗಾರನ ಕುಟುಂಬಕ್ಕೆ, ತಪ್ಪು ಯಾರದೆಂದು ಕೇಳದೆ, ಮಾಲಿಕನು ಪರಿಹಾರ ಕೊಡಬೇಕೆಂಬ ತತ್ತ್ವವು 1923ರ ಶಾಸನದಿಂದಲೇ ನಮ್ಮಲ್ಲಿದೆ. 2020ರ ಸಾಮಾಜಿಕ ಭದ್ರತೆಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 1923ರ ಶಾಸನದ ಪಟ್ಟಿಯಂತೆ 15,000 ರೂಪಾಯಿ ಸಂಬಳದ 35 ವರ್ಷದ ಚಾಲಕನಿಗೆ, ಸಂಬಳದ ಅರ್ಧವನ್ನು 197.06ರಿಂದ ಗುಣಿಸಿದರೆ, 14,77,950 ರೂಪಾಯಿಯಾಗುತ್ತದೆ. ದಣಿವಿನಿಂದ ಸತ್ತವನ ಮಕ್ಕಳಿಗೆ ಶಾಸನವು ಅನ್ನವನ್ನು ನಿರಾಕರಿಸಿಲ್ಲವೆಂಬುದನ್ನು ಪ್ರತಿಯೊಂದು ಚಾಲಕನ ಮನೆಯೂ ತಿಳಿದಿರಬೇಕು. ತಾನೇ ಮಾಲಿಕನೂ ಚಾಲಕನೂ ಆದವನಿಗೆ ಈ ಆಸರೆಯಿಲ್ಲ. ಅವನು ವಿಮೆಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆಯಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಡಿಕ್ಕಿ ಹೊಡೆದು ಓಡಿಹೋದ ವಾಹನವು ಪತ್ತೆಯಾಗದಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಗಳನ್ನು ಕೊಡುವ ಯೋಜನೆಯು 2022ರಿಂದ ಇದೆ. ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದ ಮಿತಿಯಲ್ಲಿ ಹಣ ಕೇಳದೆ ಚಿಕಿತ್ಸೆ ನೀಡುವ ಯೋಜನೆಯು 2025ರ ಮೇ ತಿಂಗಳಲ್ಲಿ ಬಂದಿತು. ಗಾಯಾಳುವನ್ನು ಸದ್ಭಾವದಿಂದ ಆಸ್ಪತ್ರೆಗೆ ಒಯ್ದವರನ್ನು ಕಾನೂನು ರಕ್ಷಿಸುತ್ತದೆ; ಅಂಜಿ ಹಿಂದೆಗೆಯಬಾರದು.

ಕಾಗದಪತ್ರಗಳ ವಿಷಯದಲ್ಲಿ ಎಚ್ಚರ ಅವಶ್ಯ. ಪೊಲೀಸರ ಪ್ರಥಮ ವರ್ತಮಾನ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಆಸ್ಪತ್ರೆಯ ಚೀಟಿಗಳು, ಸಂಬಳದ ಗುರುತು ಇವೆಲ್ಲ ಬೇಕು. ದಣಿವು ಶವದ ಮೇಲೆ ಗುರುತು ಬಿಡುವುದಿಲ್ಲ. ಆದರೆ ಕಾಗದದ ಮೇಲೆ ಬಿಡುತ್ತದೆ. ಗಣಿಯ ಅಥವಾ ಕಾರ್ಖಾನೆಯ ದ್ವಾರದ ಚೀಟಿ, ತೂಕದ ಚೀಟಿ, ಸುಂಕದ ಕಟ್ಟೆಯ ರಶೀದಿ, ಡೀಸೆಲಿನ ಬಿಲ್ಲು ಇವುಗಳ ಮೇಲಿನ ಗಂಟೆಗಳನ್ನು ಸಾಲಾಗಿ ಜೋಡಿಸಿದರೆ ಅವನು ಎಷ್ಟು ಹೊತ್ತು ಮಲಗಿರಲಿಲ್ಲವೆಂಬುದು ತಾನೇ ಗೋಚರವಾಗುವುದು. ಇವನ್ನು ಕಸವೆಂದು ಬಿಸಾಡಬಾರದು.

ವಕೀಲರ ಖರ್ಚಿಗೆ ಅಂಜುವ ಸೋದರಿಯರು ಇದನ್ನು ನೆನಪಿಡಲಿ: 1987ರ ಶಾಸನದಂತೆ ಸ್ತ್ರೀಯರಿಗೆ ಆದಾಯವೆಷ್ಟೇ ಇರಲಿ ಉಚಿತ ಕಾನೂನು ನೆರವು ದೊರೆಯುತ್ತದೆ. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಿಂದೆ ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿದ್ದಿತು; 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠವೂ 2013ರಲ್ಲಿ ಖಾಯಂ ಪೀಠವೂ ಬಂದಿರುವುದರಿಂದ ಭಂಕೂರದವರಿಗೆ ಆ ಬಾಗಿಲು ಹತ್ತಿರವಾಗಿದೆ.

ಪರಿಹಾರವು ಎಷ್ಟೇ ಬಂದರೂ ಹೋದವನು ಬಾರನು. ಆದುದರಿಂದ ಮೊದಲ ಉಪಾಯವು ಮನೆಯಲ್ಲಿಯೇ ಇದೆ. ಲಾರಿಯವನು ಮನೆಗೆ ಬಂದ ದಿನ ಸಂತೆ, ಜಾತ್ರೆ, ಬೀಗರ ಊರೆಂದು ಅವನನ್ನು ತಿರುಗಿಸದೆ, ಕಿಟಕಿಗೆ ಪರದೆ ಎಳೆದು, ಮಕ್ಕಳನ್ನು ಹೊರಗೆ ಆಡಗೊಟ್ಟು, ಏಳೆಂಟು ಗಂಟೆ ನಿದ್ರೆಮಾಡಗೊಡಿರಿ. ಕಲ್ಲು ತರಿಸುವವರು, ಸರಕು ಎಂದು ಮುಟ್ಟುವುದೆಂದು ಕೇಳುವಾಗ, ಚಾಲಕನು ಎಲ್ಲಿ ಮಲಗುವನೆಂಬುದನ್ನೂ ಕೇಳಲಿ. ಒಂದು ದಿನ ತಡವಾಗಿ ಬಂದ ಫರಸಿಯೂ ನೂರು ವರ್ಷ ಬಾಳುತ್ತದೆ.