ಮಾತು ಕೇಳದ ಬೆರಳುಗಳು

ನನ್ನ ಬಲಗೈಯ ಉಂಗುರಬೆರಳೂ ಕಿರುಬೆರಳೂ ಪಿಯಾನೊ ಮುಂದೆ ಕೂತಾಗ ಮಾತ್ರ ಅಂಗೈಯತ್ತ ಮಡಚಿಕೊಳ್ಳುತ್ತವೆ. ಊಟದ ಕಡ್ಡಿ ಹಿಡಿಯುವಾಗ, ಅಂಗಿಗೆ ಗುಂಡಿ ಹಾಕುವಾಗ, ಪತ್ರ ಬರೆಯುವಾಗ ಅವು ಸರಿಯಾಗೇ ಇರುತ್ತವೆ. ನೋವಂತೂ ಇಲ್ಲವೇ ಇಲ್ಲ. ಹಾಗಾಗಿ ಇದೊಂದು ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಕಛೇರಿಗಳ ಬದುಕು ಕುಸಿದುಹೋಗಿತ್ತು. ವೈದ್ಯರು ಇದನ್ನು ಫೋಕಲ್ ಡಿಸ್ಟೋನಿಯಾ ಎನ್ನುತ್ತಾರೆ. ವೃತ್ತಿ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆಂದು ಅಂದಾಜು.

ನಾನು ಕಲಿತದ್ದು ಟೋಕಿಯೊದಲ್ಲಿ. ಮೊದಲು ಬೈಯರ್ ಪುಸ್ತಕ, ಆಮೇಲೆ ಹಾನೊನ್, ಚೆರ್ನಿ ಅವರ ಬೆರಳಭ್ಯಾಸಗಳು. ಪಾಠದ ಹೊತ್ತಿನಲ್ಲಿ ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಗುರುಗಳು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮನೆಗೆ ಬಂದಮೇಲೆ ಅದೇ ಪುಟ ತೆರೆದಿಟ್ಟು ನನ್ನನ್ನು ಕೂರಿಸುತ್ತಿದ್ದಳು. ನಮ್ಮದು ತೆಳುಗೋಡೆಯ ಅಪಾರ್ಟ್‌ಮೆಂಟ್. ಕತ್ತಲಾದ ಮೇಲೆ ತಂತಿಗೂ ಸುತ್ತಿಗೆಗೂ ನಡುವೆ ಫೆಲ್ಟ್ ಪಟ್ಟಿ ಇಳಿಸುವ ಪೆಡಲ್ ಒತ್ತಿಟ್ಟು ನುಡಿಸಬೇಕಿತ್ತು. ನೆರೆಯವರಿಗೆ ಸದ್ದು ಕೇಳದಿದ್ದರೂ ಬೆರಳು ದುಡಿಯುತ್ತಲೇ ಇರುತ್ತಿತ್ತು.

ಬೆರಳನ್ನು ಎತ್ತರಕ್ಕೆ ಎತ್ತಿ ಒಂದೊಂದು ಕೀಯನ್ನೂ ಹೊಡೆಯುವ ಪದ್ಧತಿ ಜಪಾನಿನಲ್ಲಿ ಬಹುಕಾಲ ನಡೆದುಬಂದಿತ್ತು. ಸ್ವರಗಳು ಬಿಡಿಬಿಡಿಯಾಗಿ ಸ್ಪಷ್ಟವಾಗುತ್ತವೆ, ಆದರೆ ತೋಳಿನ ಭಾರ ಸ್ವರಕ್ಕೆ ಇಳಿಯುವುದಿಲ್ಲ. ಪಿಯಾನೊ ಕಲಾವಿದೆ ನಕಮುರಾ ಹಿರೊಕೊ ಹದಿಹರೆಯದಲ್ಲೇ ಹೆಸರು ಮಾಡಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಗೆ ಹೋದಾಗ ರೊಸಿನಾ ಲೆವಿನ್ ಅವರ ಬಳಿ ಕೈಯನ್ನು ಬುಡದಿಂದ ತಿದ್ದಿಕೊಳ್ಳಬೇಕಾಯಿತು. 1965ರ ಶೋಪಾನ್ ಸ್ಪರ್ಧೆಯಲ್ಲಿ ಅವರಿಗೆ ನಾಲ್ಕನೆಯ ಬಹುಮಾನ ಬಂದದ್ದು ಅದಾದ ಮೇಲೆ. ಅವರಿಗಿಂತ ಎಷ್ಟೋ ಮುಂಚೆ, ಜಪಾನಿನ ಅತಿ ದೊಡ್ಡ ಪಿಯಾನೊ ಕಲಾವಿದೆ ಎನಿಸಿಕೊಂಡಿದ್ದ ಕುನೊ ಹಿಸಾ ಯುರೋಪಿಗೆ ಹೋಗಿದ್ದರು. ಅಲ್ಲಿ ಮೊದಲಿನಿಂದ ಕಲಿಯಬೇಕೆಂಬ ಮಾತು ಕೇಳಬೇಕಾಯಿತು. 1925ರಲ್ಲಿ ವಿಯೆನ್ನಾ ಸಮೀಪದ ಬಾಡೆನ್‌ನಲ್ಲಿ ತಾವಾಗಿಯೇ ಪ್ರಾಣ ಬಿಟ್ಟರು. ವಿದ್ಯಾರ್ಥಿಗಳಾಗಿದ್ದ ನಮಗೆ ಅವರ ಕಥೆಯನ್ನು ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

ನಾನು ಜರ್ಮನಿಗೆ ಹೋದೆ. ಸ್ಪರ್ಧೆ, ಬಹುಮಾನ, ಸಣ್ಣ ಊರುಗಳ ಸಭಾಂಗಣ, ರೈಲು. ತೊಂದರೆ ಮೊದಲು ಕಾಣಿಸಿಕೊಂಡದ್ದು ಶೋಪಾನ್‌ನ ಹತ್ತನೇ ಓಪಸ್ಸಿನ ಎರಡನೆಯ ಎಟ್ಯೂಡ್‌ನಲ್ಲಿ. ಬಲಗೈಯ ಕೊನೆಯ ಮೂರು ಬೆರಳುಗಳಲ್ಲೇ ಅರ್ಧಸ್ವರಗಳ ಓಟ ಓಡಬೇಕಾದ ರಚನೆ ಅದು. ಕಿರುಬೆರಳು ಕೀ ಮುಟ್ಟುವ ಮೊದಲೇ ಒಳಕ್ಕೆ ಸೇರಿಕೊಳ್ಳತೊಡಗಿತು. ನನಗೆ ಗೊತ್ತಿದ್ದ ಔಷಧ ಒಂದೇ, ಅಭ್ಯಾಸ. ನಿಧಾನವಾಗಿ ನುಡಿಸಿದೆ, ಲಯ ಬದಲಿಸಿ ನುಡಿಸಿದೆ, ಊಟ ಬಿಟ್ಟು ನುಡಿಸಿದೆ. ನುಡಿಸಿದಷ್ಟೂ ಹೆಚ್ಚಾಯಿತು. ಉಂಗುರಬೆರಳೂ ಜೊತೆಗೂಡಿತು. ಕೊನೆಗೆ ಮೊಜಾರ್ಟ್‌ನ ಸರಳ ಅವರೋಹಣವೂ ಮುಗ್ಗರಿಸಿತು.

“ಮೈ ಸಡಿಲ ಬಿಡಿ,” ಎಂದರು ಒಬ್ಬರು. “ಸಭಾಕಂಪ,” ಎಂದರು ಇನ್ನೊಬ್ಬರು. ಮೂಳೆ ವೈದ್ಯರು ಎಕ್ಸ್‌ರೇ ನೋಡಿ ಕೈ ಚೆನ್ನಾಗಿದೆ ಎಂದರು. ಕೈ ನಿಜಕ್ಕೂ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಮಿದುಳಿನಲ್ಲಿ. ಒಂದೊಂದು ಬೆರಳಿಗೂ ಅಲ್ಲಿ ಒಂದೊಂದು ಜಾಗವಿದೆ. ಒಂದೇ ಚಲನೆಯನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದಾಗ ಕೆಲವರಲ್ಲಿ ಆ ಜಾಗಗಳ ಗಡಿ ಅಳಿಸಿ ಒಂದರೊಳಗೊಂದು ಬೆರೆತುಹೋಗುತ್ತದೆ. ನಾನು ಹಟ ಹಿಡಿದು ಮಾಡಿದ ಅಭ್ಯಾಸ ಆ ಗೊಂದಲವನ್ನೇ ಗಟ್ಟಿ ಮಾಡುತ್ತಿತ್ತು. ಇದನ್ನು ನರರೋಗ ತಜ್ಞರೊಬ್ಬರು ವಿವರಿಸಿದಾಗ ನಾನು ಅತ್ತದ್ದು ದುಃಖದಿಂದಲ್ಲ. ಸೋಮಾರಿತನ ಎಂಬ ಆರೋಪ ಅಂದು ನನ್ನ ಮೇಲಿಂದ ಇಳಿಯಿತು.

ಚಿಕಿತ್ಸೆ ಸುಲಭವಿರಲಿಲ್ಲ. ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯಿಂದ ಬಾಯಿ ಒಣಗಿ, ಬಾಯಿಪಾಠವಿದ್ದ ಸ್ವರಗಳೇ ಮಸುಕಾದವು. ಮುಂದೋಳಿಗೆ ಬೊಟಾಕ್ಸ್ ಚುಚ್ಚಿದರೆ ಮಡಚುವ ಸ್ನಾಯು ಸಡಿಲವಾಗುತ್ತದೆ, ಆದರೆ ಕೆಲವು ತಿಂಗಳಷ್ಟೆ. ಸೂಜಿ ಕೊಂಚ ಆಚೀಚೆಯಾದರೆ ಪಕ್ಕದ ಒಳ್ಳೆಯ ಬೆರಳೂ ಬಲ ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಕಛೇರಿಯ ಕರೆಗಳು ನಿಂತಿದ್ದವು.

ಅಮೆರಿಕದ ಪಿಯಾನೊ ವಾದಕ ಲಿಯೋನ್ ಫ್ಲೈಶರ್ ಅವರ ಬಲಗೈ 1960ರ ದಶಕದಲ್ಲಿ ಹೀಗೇ ಕೈಕೊಟ್ಟಿತ್ತು. ಎರಡೂ ಕೈಯಿಂದ ಅವರು ಮತ್ತೆ ನುಡಿಸಿದ್ದು ಸುಮಾರು ಮೂರು ದಶಕಗಳ ನಂತರ. ನನ್ನನ್ನು ಎತ್ತಿ ನಿಲ್ಲಿಸಿದ್ದು ಮಾತ್ರ ನಮ್ಮವರೇ ಆದ ಪಿಯಾನೊ ವಾದಕ ತಾತೆನೊ ಇಜುಮಿ. ಫಿನ್‌ಲೆಂಡಿನಲ್ಲಿ ನೆಲೆಸಿದ್ದ ಅವರು 2002ರಲ್ಲಿ ತಾಂಪೆರೆಯ ವೇದಿಕೆಯಲ್ಲೇ ಮಿದುಳಿನ ರಕ್ತಸ್ರಾವದಿಂದ ಕುಸಿದರು. ಬಲಭಾಗ ಸ್ವಾಧೀನ ತಪ್ಪಿತು. ಆಮೇಲೆ ಮಗ, ಫ್ರಾಂಕ್ ಬ್ರಿಜ್ ಎಡಗೈಗೆಂದೇ ಬರೆದ ರಚನೆಯನ್ನು ತಂದು ಮುಂದಿಟ್ಟ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ವಾದಕನೊಬ್ಬನಿಗಾಗಿ ಹುಟ್ಟಿದ ಸಂಗೀತ ಅದು. 2004ರಲ್ಲಿ ತಾತೆನೊ ಒಂದೇ ಕೈಯಿಂದ ವೇದಿಕೆಗೆ ಮರಳಿದರು. ಅವರಿಗಾಗಿ ಹೊಸ ರಚನೆಗಳೂ ಬಂದವು.

ಬಾಖ್‌ನ ಶಕೋನ್ ಅನ್ನು ಬ್ರಾಮ್ಸ್ ಎಡಗೈಗೆ ಅಳವಡಿಸಿದ್ದಾನೆ. ಈಗ ನಾನು ಅದನ್ನು ನುಡಿಸುತ್ತೇನೆ. ಬಲಗೈಯಿಂದ ನಿಧಾನಗತಿಯ ಕೆಲವು ರಚನೆಗಳನ್ನು, ಬೆರಳ ಕ್ರಮ ಬದಲಿಸಿಕೊಂಡು, ನುಡಿಸಬಲ್ಲೆ. ಮಿಕ್ಕ ಹೊತ್ತು ಪಾಠ ಹೇಳುತ್ತೇನೆ.

ಪಿಯಾನೊ ಇರಲಿ, ಪಿಟೀಲು, ಗಿಟಾರ್, ಕೊಳಲೇ ಇರಲಿ, ನೋವಿಲ್ಲದೆ ಬೆರಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪುತ್ತಿದ್ದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನರರೋಗ ತಜ್ಞರ ಬಳಿ ವಾದ್ಯವನ್ನೂ ತೆಗೆದುಕೊಂಡು ಹೋಗಿ, ಅವರ ಮುಂದೆ ನುಡಿಸಿ ತೋರಿಸಿ. ಗುರುಗಳೇ, ಶಿಷ್ಯರಿಗೆ “ಇನ್ನಷ್ಟು ಅಭ್ಯಾಸ ಮಾಡು” ಎನ್ನುವ ಮುನ್ನ ಅವರ ಬೆರಳನ್ನೊಮ್ಮೆ ನೋಡಿ.