ಸಬ್‌ವೂಫರ್ ಕಥೆ, ಭಾಗ 3: ಅಪ್ಪನಿಗೆ ಕೇಳಿಸದ ಶಬ್ದ

ಎಸ್.ಪಿ. ರೋಡಿಂದ ಸೆಕೆಂಡ್ ಹ್ಯಾಂಡ್ ಸಬ್‌ವೂಫರ್ ಹೊತ್ತು ತಂದ ಕಥೆ ಹೋದ ಸಲ ಹೇಳಿದ್ದೆ. ಇವತ್ತು ವೈರಿಂಗ್.

ಅಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಸಬ್ ಔಟ್ ಇಲ್ಲವೇ ಇಲ್ಲ. ಪರವಾಗಿಲ್ಲ, ಸಬ್ ಹಿಂದೆ ‘ಹೈ ಲೆವೆಲ್ ಇನ್‌ಪುಟ್’ ಇದ್ರೆ ಸಾಕು. ಸ್ಪೀಕರ್‌ಗೆ ಹೋಗೋ ವೈರ್ ಹಾಗೇ ಇರ್ಲಿ, ಅದೇ ಟರ್ಮಿನಲ್‌ಗಳಿಂದ ಇನ್ನೊಂದು ಜೊತೆ ವೈರ್ ಸಬ್‌ಗೆ ಎಳೀರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಸಬ್‌ನೊಳಗೇ ಬೇರೆ ಆಂಪ್ ಇರೋದ್ರಿಂದ ಹಳೇದರ ಮೇಲೆ ಹೆಚ್ಚು ಭಾರ ಬೀಳಲ್ಲ. ಆದ್ರೆ ಮೊದಲು ಎಲ್ಲದರ ಪ್ಲಗ್ ಕೀಳಿ. ತಾಮ್ರದ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿದ್ರೂ ಶಾರ್ಟ್. ಎಳೆಗಳನ್ನ ಬಿಗಿಯಾಗಿ ಹುರಿ ಮಾಡಿಕೊಟ್ಟಿದ್ದು ಅಪ್ಪ. ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತೈದು ವರ್ಷ ಪವರ್‌ಲೂಮ್ ನಡೆಸಿದ ಕೈ, ಕೇಳ್ಬೇಕಾ!

ಎಲ್ಲ ಸೇರಿಸಿ, ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಟ್ಟು ಹಾಡು ಹಾಕಿದ್ರೆ ಬೇಸ್ ಮೊದಲಿಗಿಂತ ಕಮ್ಮಿ! ಕಾರಣ ಫೇಸ್. ಸ್ಪೀಕರ್ ಗಾಳಿಯನ್ನ ಮುಂದೆ ತಳ್ಳುವಾಗ ಸಬ್ ಹಿಂದಕ್ಕೆ ಎಳೀತಿದ್ರೆ ಒಂದನ್ನೊಂದು ತಿಂದುಹಾಕ್ತವೆ. ಪರೀಕ್ಷೆ ಸುಲಭ. ಅಪ್ಪನ್ನ ಅವರ ಕುರ್ಚೀಲಿ ಕೂರಿಸಿ, ಮೊಬೈಲ್‌ನಿಂದ 80 ಹರ್ಟ್ಜ್ ಟೋನ್ ಹಾಕಿ, ಫೇಸ್ ಸ್ವಿಚ್ 0ದಲ್ಲಿ ಒಮ್ಮೆ, 180ರಲ್ಲಿ ಒಮ್ಮೆ. ಯಾವುದು ಜೋರೋ ಅದೇ ಸರಿ. 180ಕ್ಕೆ ಹಾಕಿದ ತಕ್ಷಣ ಅಪ್ಪ, “ಹಾಂ, ಈಗ ಎದೆಗೆ ಬಂತು ನೋಡು” ಅಂದ್ರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಸುಮ್ನೆ ಆಟಕ್ಕೆ ಟೋನ್ ಏರಿಸ್ತಾ ಹೋದೆ. 500. 1000. 2000. 4000 ದಾಟಿದಾಗ ತಮ್ಮ ಕಿವಿ ಮುಚ್ಕೊಂಡ. ಅಡುಗೆಮನೆಯಿಂದ ಅಮ್ಮ, “ಅದೇನೇ ಕೀ ಅಂತಿದೆ, ನಿಲ್ಸು!”

ಅಪ್ಪ ನನ್ನ ಮುಖ ನೋಡಿ ಕೇಳಿದ್ರು: “ಯಾಕ್ ಪುಟ್ಟಿ, ಆಫ್ ಮಾಡ್ಬಿಟ್ಯಾ?”

ತಮ್ಮನೂ ನಗಲಿಲ್ಲ.

ಟಿವಿ ವಾಲ್ಯೂಮ್‌ಗೆ ದಿನಾ ಜಗಳ ಆಡ್ತಿದ್ದವಳು ನಾನೇ. “ಏನು? ಇನ್ನೊಂದ್ಸಲ ಹೇಳು” ಅಂದಾಗ, “ನಿಮ್ಗೆ ಗಮನ ಇರಲ್ಲ ಅಪ್ಪ” ಅಂತ ರೇಗ್ತಿದ್ದೆ. ಕಿವಿ ಡಾಕ್ಟರ್ ತೋರಿಸಿದ ಗ್ರಾಫ್‌ನಲ್ಲಿ ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು, 4000ದ ಹತ್ರ ಹಳ್ಳಕ್ಕೆ ಬಿದ್ದಿತ್ತು. ಮಗ್ಗದಂಥ ಸದ್ದು ಮೊದಲು ತಿನ್ನೋದು ಆ ಜಾಗಾನೇ. ಸ, ಶ ಥರದ ಅಕ್ಷರಗಳು ಅಲ್ಲೇ ಕಳೆದುಹೋಗ್ತವೆ, ಬೇಸ್ ಮಾತ್ರ ಉಳಿಯುತ್ತೆ. ಒಳಗಿವಿಯ ಆ ಸೂಕ್ಷ್ಮ ಜೀವಕೋಶಗಳು ಸತ್ರೆ ಮತ್ತೆ ಹುಟ್ಟಲ್ಲ.

ಬಿಕಾಂನಲ್ಲಿ ಮಗ್ಗಕ್ಕೆ ವರ್ಷ ವರ್ಷ ಡಿಪ್ರಿಸಿಯೇಷನ್ ಬರೆಯೋದು ಕಲಿತಿದೀನಿ. ಅಪ್ಪನ ಕಿವಿಗೆ ಯಾವ ಪುಸ್ತಕದಲ್ಲೂ ಯಾರೂ ಬರೀಲಿಲ್ಲ.

ಈಗ ಅಪ್ಪ ಇಯರ್ ಪ್ಲಗ್ ಹಾಕ್ಕೊಂಡೇ ಮಗ್ಗದ ಮುಂದೆ ನಿಲ್ತಾರೆ, ಬೈಕೊಂಡೇ. ಹಿಯರಿಂಗ್ ಏಡ್‌ಗೆ ದುಡ್ಡು ಕೂಡಿಸ್ತಿದೀವಿ. ನಾನು ಎದುರಿಗೆ ಬಂದು, ಮುಖ ನೋಡಿ ಮಾತಾಡ್ತೀನಿ.

ನಿಮ್ಮನೇಲೂ ಟಿವಿ ವಾಲ್ಯೂಮ್ ಜಗಳ ಇದ್ರೆ ರೇಗೋ ಮುಂಚೆ ಒಂದ್ಸಲ ಕಿವಿ ಪರೀಕ್ಷೆ ಮಾಡಿಸಿ.

ಭಾಗ 4: ಸಬ್‌ನ ಯಾವ ಮೂಲೇಲಿ ಇಡ್ಬೇಕು?

#ಸಬ್‌ವೂಫರ್‌ಕಥೆ #ದೊಡ್ಡಬಳ್ಳಾಪುರ #ಅಪ್ಪ