ಎರೆನೆಲದ ಹೂದೋಟ

ಉಮರ್ಗಾದಿಂದ ನಿಲಂಗಾ ಮಾರ್ಗವಾಗಿ ಉದಗೀರದವರೆಗೆ ಸಂಚರಿಸುವವರ ಕಣ್ಣಿಗೆ ಮೊದಲು ಬೀಳುವುದು ಎರೆಮಣ್ಣು. ಮಳೆಗೆ ಅಂಟಾಗಿ, ಬೇಸಿಗೆಗೆ ಬಿರುಕುಬಿಡುವ ಈ ನೆಲದಲ್ಲಿ ಶಾಲೆಯ ತೋಟ ಹಾಕುವ ನಾವು ಹೂವಿನ ಅಂದಕ್ಕಿಂತ ಮೊದಲು ನೀರಿನ ಲೆಕ್ಕ ನೋಡಬೇಕು. 2016ರಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ತರಿಸಿದ ಸೀಮೆಯಿದು.

ಚಿತ್ರಗಳಲ್ಲಿ ಮನಸೆಳೆಯುವ ನೀಲಿ ಡೆಲ್ಫಿನಿಯಂ ತಂಪುನಾಡಿನದು; ನಮ್ಮ ಬೇಸಿಗೆಯನ್ನು ದಾಟದು. ಅದರ ದಾಯಾದಿ ಲಾರ್ಕ್‌ಸ್ಪರ್ ಒಂದೇ ಋತುವಿನ ಗಿಡ. ದಸರೆಯ ಬಳಿಕ ಬಿತ್ತಿದರೆ ಚಳಿಗಾಲ ಕಳೆಯುವಷ್ಟರಲ್ಲಿ ಹೂಬಿಡುವುದು. ಆದರೆ ಎರಡರ ಬೀಜವೂ ವಿಷ. ಮಕ್ಕಳು ಆಡುವ, ದನ ನುಗ್ಗುವ ಅಂಗಳಕ್ಕೆ ಅವು ಸಲ್ಲವು.

ಶಾವಂತಿಗೆ ಹಗಲು ಕಿರಿದಾದಾಗ ಮೊಗ್ಗು ತಳೆಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಅದಕ್ಕೆ ಏರುಮಡಿ ಬೇಕು. ಚೆಂಡುಹೂವಿಗೆ ಅಷ್ಟು ಉಪಚಾರ ಬೇಡ. ಎತ್ತರದ ಜಾತಿ ಹಾರಕ್ಕೆ, ಗಿಡ್ಡ ಜಾತಿ ಮಡಿಯ ಅಂಚಿಗೆ ಒಪ್ಪುವುದು. ಆಷಾಢ ಕಳೆಯುತ್ತಲೇ ಬಿತ್ತಿದರೆ ಹಬ್ಬಗಳಿಗೆ ಹೂವು ಕೈಗೆಟಕುವುದು. ಮಕ್ಕಳು ಊಟಕ್ಕೆ ಮುನ್ನ ಕೈತೊಳೆದ ನೀರನ್ನೇ ಮಡಿಗೆ ಹರಿಸಬಹುದು.

ಸಂತೆಯಲ್ಲಿ ಇದು ‘ಝೇಂಡೂ’, ನಮ್ಮ ಮನೆಗಳಲ್ಲಿ ಚೆಂಡುಹೂವು. ಎರಡು ಹೆಸರೂ ಬಾಳಲಿ. ಆದರೆ ಸಂತೆಯ ಹೆಸರನ್ನು ಮಕ್ಕಳು ತಾವಾಗಿಯೇ ಕಲಿಯುವರು. ಮನೆಯ ಹೆಸರನ್ನು ನಾವೇ ಕಲಿಸಬೇಕು. ಆದುದರಿಂದ ಪ್ರತಿ ಮಡಿಯ ಮುಂದೆ ಒಂದು ಹಲಗೆ ನೆಟ್ಟು, ಅದರ ಮೇಲೆ ಕನ್ನಡದ ಹೆಸರನ್ನು ಮಕ್ಕಳ ಕೈಯಿಂದಲೇ ಬರೆಯಿಸೋಣ.